ಲೆಕ್ಕಕ್ಕೆ ಬಾರದ ಗಾಳಿ

ನಮ್ಮ ಅಡುಗೆಮನೆಯ ಗೋಡೆಯೊಳಗಿನ ಪೈಪು ಮತ್ತೆ ಬಡಿದುಕೊಳ್ಳಲು ಶುರುವಾದದ್ದು ತಂಗಿ ತೀರಿಕೊಂಡು ಎರಡು ತಿಂಗಳಾದ ಮೇಲೆ. ನಾನು ಸ್ಟೌವಿನ ಮುಂದೆ ನಿಂತು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಕೆಳಗೆ ಪಂಪು ನಿಂತಿತು. ಮರುಕ್ಷಣ ಗೋಡೆಯೊಳಗೆ ಧಡ್ ಎಂದು ಸದ್ದಾಯಿತು. ಶೆಲ್ಫಿನ ಮೇಲಿದ್ದ ಸ್ಟೀಲ್ ಡಬ್ಬಿಗಳು ಅಲುಗಿದವು. ಹಿಂದೆ ವರ್ಷಗಟ್ಟಲೆ ಕೇಳಿದ್ದ ಸದ್ದೇ. ಸಾಸಿವೆ ಸೀಯುವ ಮೊದಲು ಅವಲಕ್ಕಿ ಸುರಿದೆ, ಕಲಸಿದೆ, ತಿಂದೆ, ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದೆ. ಬಸ್ಸಿನಲ್ಲಿ ಕೂತಾಗಲೂ ಅದರ ಬಗ್ಗೆ ಏನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ಯಾವುದರ ಬಗ್ಗೆಯೂ ಏನೂ ಅನ್ನಿಸುತ್ತಿರಲಿಲ್ಲ.

ಜೆ.ಪಿ. ನಗರದ ನಮ್ಮ ಕಟ್ಟಡ ಹಳೆಯದು. ಮೂರು ಮಹಡಿ, ಲಿಫ್ಟಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬಂದು ಕೆಳಗಿನ ಸಂಪಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನವನು ತುಂಬಿಸುತ್ತಾನೆ. ಅಲ್ಲಿಂದ ಪಂಪು ಅದನ್ನು ತಾರಸಿಯ ಟ್ಯಾಂಕಿಗೆ ಎತ್ತುತ್ತದೆ. ಆ ಪೈಪು ಹೋಗುವುದು ನಮ್ಮ ಅಡುಗೆಮನೆಯ ಗೋಡೆಯೊಳಗಿಂದ. ಪಂಪು ನಿಂತರೆ ಮೇಲೇರುತ್ತಿದ್ದ ನೀರು ಒಮ್ಮೆಲೇ ಹಿಂದಕ್ಕೆ ಬಂದು ಕೆಳಗಿನ ವಾಲ್ವಿಗೆ ಗುದ್ದುತ್ತದೆ. ಕರೆಂಟು ಹೋಗಿ ನಿಂತರಂತೂ ಯಾರೋ ಗೋಡೆಗೆ ಸುತ್ತಿಗೆಯಿಂದ ಹೊಡೆದ ಹಾಗೆ ಆಗುತ್ತಿತ್ತು. ಪ್ಲಂಬರುಗಳು ಬಂದು ಕ್ಲಾಂಪು ಹಾಕಿದರು, ವಾಲ್ವು ಬದಲಾಯಿಸಿದರು. ಸದ್ದು ಹೋಗಲಿಲ್ಲ. ಅದನ್ನು ನಿಲ್ಲಿಸಿದವಳು ನನ್ನ ತಂಗಿ.

ಅವಳು ಬನಶಂಕರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ನಾನು ಪಿಯುಸಿಗೇ ನಿಲ್ಲಿಸಿದವಳು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಸೀರೆ ಅಂಗಡಿಯ ಬಿಲ್ ಕೌಂಟರಿನಲ್ಲಿ ಕೂರುತ್ತೇನೆ. ಕೋಣನಕುಂಟೆಯಲ್ಲಿದ್ದ ಸೈಟನ್ನು ಮಾರಿ ಅಪ್ಪ ಈ ಮನೆ ತೆಗೆದುಕೊಂಡಿದ್ದರು. ಅಪ್ಪ ಅಮ್ಮ ಹೋದ ಮೇಲೆ ಉಳಿದವರು ನಾವಿಬ್ಬರೇ. ನನ್ನ ಮದುವೆ ಉಳಿಯಲಿಲ್ಲ, ಅವಳು ಮಾಡಿಕೊಳ್ಳಲಿಲ್ಲ. ಪಾಠದ ಜೊತೆಗೇ ಪಿಎಚ್‌.ಡಿ. ಮಾಡುತ್ತಿದ್ದಳು. ಅದು ಬಹಳ ವರ್ಷ ಎಳೆಯಿತು. ಮದುವೆ ಮನೆಗಳಲ್ಲಿ ಚಿಕ್ಕಮ್ಮ ಅವಳನ್ನು ಹುಡುಕಿಕೊಂಡು ಬಂದು, "ಇನ್ನೂ ಓದ್ತಾನೇ ಇದ್ದೀಯೇನೇ? ನಿನ್ನ ಜೊತೆಯೋರ ಮಕ್ಕಳು ಈಗ ಕಾಲೇಜಲ್ಲಿದಾರೆ" ಎನ್ನುತ್ತಿದ್ದರು.

"ಅವರ ಜೊತೆನೇ ಪಾಸಾಗ್ತೀನಿ ಬಿಡಿ ಚಿಕ್ಕಮ್ಮ" ಎನ್ನುತ್ತಿದ್ದಳು ಇವಳು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ಸೀರೆ ಬದಲಾಯಿಸದೆ ಹಾಗೇ ಲ್ಯಾಪ್‌ಟಾಪ್ ತೆಗೆದು ಕೂತುಬಿಡುತ್ತಿದ್ದಳು.

ಅವಳ ವಿಷಯ ಏನೆಂದು ನನಗೆ ಒಮ್ಮೆ ಅಡುಗೆಮನೆಯಲ್ಲೇ ತೋರಿಸಿದ್ದಳು. ಬಾಣಲೆ ತೆಗೆದುಕೊಂಡು ಅದರ ಅಂಚಿನಿಂದ ಒಂದು ಒಣ ಬಟಾಣಿ ಬಿಟ್ಟಳು. ಅದು ಆ ಕಡೆಗೆ ಏರಿತು, ಈ ಕಡೆಗೆ ಬಂತು, ಓಡಾಡಿ ಓಡಾಡಿ ತಳದಲ್ಲಿ ನಿಂತಿತು.

"ಇದು ಎಲ್ಲೆಲ್ಲಿ ಓಡಾಡ್ತು ಅಂತ ಲೆಕ್ಕ ಹಾಕೋಕೆ ಹೋದ್ರೆ ಸುಸ್ತಾಗ್ತೀವಿ ಅಕ್ಕ" ಎಂದಳು. "ನಾನು ಅದನ್ನ ನೋಡಲ್ಲ. ಇದರಲ್ಲಿ ಶಕ್ತಿ ಎಷ್ಟಿದೆ, ಅದಷ್ಟೇ ನೋಡ್ತೀನಿ. ಅದು ಇಳೀತಾನೇ ಇದ್ರೆ, ಬಟಾಣಿ ಎಲ್ಲಾದರೂ ಹೋಗಲಿ, ಕೊನೆಗೆ ತಳಕ್ಕೇ ಬರಬೇಕು."

ಇದಕ್ಕೆ ಇಷ್ಟು ವರ್ಷ ಓದಬೇಕಾ ಎಂದು ಕೇಳಿದೆ.

"ನಿಲ್ಲುತ್ತೆ ಅಂತ ಎಲ್ಲರಿಗೂ ಗೊತ್ತು. ನಿಂತೇ ನಿಲ್ಲುತ್ತೆ ಅಂತ ಬರೆದು ತೋರಿಸ್ಬೇಕಲ್ಲ" ಎಂದಳು. ಆಮೇಲೆ ಬಾಣಲೆಯನ್ನು ಓರೆ ಮಾಡಿದಳು. ಬಟಾಣಿ ಬೇರೆ ಕಡೆ ಹೋಗಿ ನಿಂತಿತು. ಬಟಾಣಿಯನ್ನು ಮುಟ್ಟದೆ, ಬಾಣಲೆಯ ಆಕಾರವನ್ನೇ ಬೇಕಾದ ಹಾಗೆ ಮಾಡಿಕೊಂಡರೆ ಬೇಕಾದ ಜಾಗದಲ್ಲಿ ನಿಲ್ಲಿಸಬಹುದು, ಅದೇ ತನ್ನ ಕೆಲಸ ಎಂದಳು. ಮೋಟಾರು, ರೋಬೋ, ವಿದ್ಯುತ್ ಜಾಲ, ಯಾವುದನ್ನಾದರೂ ಹೀಗೆ ನೋಡಬಹುದಂತೆ. ಶಕ್ತಿ ಒಳಗೆ ಎಲ್ಲೆಲ್ಲಿ ಕೂತಿದೆ, ಯಾವ ಯಾವ ಬಾಗಿಲಿಂದ ಬರುತ್ತದೆ, ಯಾವ ಬಾಗಿಲಿಂದ ಹೋಗುತ್ತದೆ. ಬಾಗಿಲುಗಳನ್ನು ಬಿಡದೆ ಬರೆದುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ ಎನ್ನುತ್ತಿದ್ದಳು. ನನಗೆ ಅರ್ಥವಾದದ್ದು ಇಷ್ಟು. ಆ ಬಟಾಣಿಯನ್ನು ಮತ್ತೆ ಡಬ್ಬಿಗೆ ಹಾಕಿದೆ.

ಗುದ್ದುವ ಪೈಪನ್ನೇ ಅವಳು ಪ್ರಯೋಗಕ್ಕೆ ತೆಗೆದುಕೊಂಡಳು. ಕಾಲೇಜಿನ ಲ್ಯಾಬಿನಲ್ಲಿ ಮಾಡುವುದಕ್ಕಿಂತ ನಿಜವಾದ ಕಟ್ಟಡದಲ್ಲಿ ಮಾಡಿದರೆ ಒಳ್ಳೆಯದು ಎಂದು ಅವಳ ಗೈಡ್ ಹೇಳಿದ್ದರು. ಕಟ್ಟಡದ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದಳು. ಮೇಲಿನ ಮನೆಯ ಅಂಕಲ್, ಬಾಂಬು ಗೀಂಬು ಅಲ್ಲ ತಾನೇ ಎಂದು ಕೇಳಿದರು. ಸೆಕ್ರೆಟರಿ ಅಂಕಲ್ ಮಾತ್ರ, "ಸದ್ದು ನಿಂತರೆ ಸಾಕು, ನೀನು ಅಲ್ಲಿ ರಾಕೆಟ್ ಬೇಕಾದರೂ ಇಡಮ್ಮ" ಎಂದರು.

ಸುದ್ದಗುಂಟೆಪಾಳ್ಯದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸಿಲಿಂಡರ್ ಮಾಡಿಸಿದಳು. ಅದು ಪಂಪಿನ ಪಕ್ಕ ಪೈಪಿಗೆ ಸೇರಿಕೊಂಡು ನಿಂತಿತು. ಕೆಳಗೆ ನೀರು, ಮೇಲೆ ಗಾಳಿ. ಹಿಂದಕ್ಕೆ ಬರುವ ನೀರು ವಾಲ್ವಿಗೆ ಗುದ್ದುವ ಬದಲು ಆ ಸಿಲಿಂಡರಿನೊಳಕ್ಕೆ ನುಗ್ಗುತ್ತದೆ, ಗಾಳಿ ಹಾಸಿಗೆಯ ಹಾಗೆ ಅದುಮಿಕೊಂಡು ತಡೆಯುತ್ತದೆ. ಆದರೆ ಗಾಳಿ ಮತ್ತೆ ತಳ್ಳುತ್ತದಲ್ಲ, ಹಾಗಾಗಿ ಸಿಲಿಂಡರಿನ ಬಾಯಿಗೆ ಮೋಟಾರಿರುವ ಒಂದು ವಾಲ್ವು. ಗೋಡೆಗೆ ಹೊಡೆದ ಸಣ್ಣ ಪೆಟ್ಟಿಗೆಯೊಂದು ಅದನ್ನು ಎಷ್ಟು ತೆರೆಯಬೇಕು, ಎಷ್ಟು ಮುಚ್ಚಬೇಕು ಎಂದು ಕ್ಷಣಕ್ಷಣವೂ ಲೆಕ್ಕ ಹಾಕುತ್ತಿತ್ತು. ಯಾವ ಕ್ಷಣದಲ್ಲೂ ಒಟ್ಟು ಶಕ್ತಿ ಹೆಚ್ಚಬಾರದು, ಇಳಿಯುತ್ತಲೇ ಇರಬೇಕು. ಅದೇ ನಿಯಮ.

ಅದು ಕೆಲಸ ಮಾಡಿತು. ಮೊದಲ ದಿನ ಪಂಪು ನಿಂತಾಗ ನಾವಿಬ್ಬರೂ ಅಡುಗೆಮನೆಯ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆವು. ಏನೋ ಉಸಿರುಬಿಟ್ಟ ಹಾಗೆ ಸಣ್ಣ ಸದ್ದು, ಅಷ್ಟೇ. ಅವಳು ನನ್ನ ಕೈ ಹಿಂಡಿದಳು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಗೋಡೆ ಸುಮ್ಮನಿತ್ತು.

ಭಾನುವಾರ ಬೆಳಿಗ್ಗೆ ಅವಳಿಗೊಂದು ಅಭ್ಯಾಸವಿತ್ತು. ಪೆಟ್ರೋಲ್ ಬಂಕಿನಲ್ಲಿ ಗಾಳಿಗೆ ಸಾಲು ನಿಲ್ಲುವುದು ಅವಳಿಗಾಗದು. ಸೈಕಲ್ ಪಂಪು ಹಿಡಿದು ಕೆಳಗೆ ಹೋಗಿ ಸ್ಕೂಟರಿನ ಎರಡೂ ಚಕ್ರಕ್ಕೆ ತಾನೇ ಗಾಳಿ ಹೊಡೆಯುತ್ತಿದ್ದಳು. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಗಾಳಿ ಸೋರದಂತೆ ನಳಿಗೆ ಒತ್ತಿ ಹಿಡಿಯಬೇಕು. ಅದು ಮುಗಿದ ಮೇಲೆ ಹಾಗೇ ಪಂಪು ರೂಮಿಗೆ ಹೋಗುತ್ತಿದ್ದೆವು. ಸಿಲಿಂಡರಿನ ತಲೆಯ ಮೇಲೂ ಟ್ಯೂಬಿನದೇ ವಾಲ್ವು ಕೂರಿಸಿದ್ದಳು. ಪಕ್ಕದ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ಕಾಣುತ್ತಿತ್ತು. ಅದು ಸ್ವಲ್ಪ ಮೇಲೆ ಬಂದಿದ್ದರೆ ಗಾಜಿನ ಮೇಲೆ ತಾನೇ ಎಳೆದಿದ್ದ ಗೆರೆಗೆ ಇಳಿಯುವವರೆಗೆ ಗಾಳಿ ಹೊಡೆದು ಬರುತ್ತಿದ್ದಳು. ಮಾತಾಡುತ್ತಲೇ ಹೊಡೆಯುತ್ತಿದ್ದಳು, ಕಾಲೇಜಿನ ಸುದ್ದಿ, ಮಧ್ಯಾಹ್ನಕ್ಕೆ ಏನು ಸಾರು, ಹೀಗೆ. ನಾನು ಹೂಂಗುಟ್ಟುತ್ತಿದ್ದೆ. ಬಂದು ಕೈ ತೊಳೆದುಕೊಂಡು ದೋಸೆ ಹುಯ್ಯುತ್ತಿದ್ದೆವು.

ಪರೀಕ್ಷೆಯ ಪೇಪರ್ ತಿದ್ದುವ ದಿನಗಳಲ್ಲಿ ಅವಳಿಗೆ ಜ್ವರ ಬಂತು. ಮೊದಲು ಮಾತ್ರೆ ತಿಂದಳು. ಆಮೇಲೆ ಆಟೋದಲ್ಲಿ ಆಸ್ಪತ್ರೆಗೆ ಹೋಗಿ ತಾನೇ ನಡೆದುಕೊಂಡು ಒಳಗೆ ಹೋದಳು. ವಾಪಸ್ಸು ಬರಲಿಲ್ಲ. ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಈಗಲೂ ಅದನ್ನು ಯಾರಾದರೂ ಕೇಳಿದರೆ ಜ್ವರ ಎಂದೇ ಹೇಳುತ್ತೇನೆ.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ತಲಘಟ್ಟಪುರದಾಚೆ ನಮ್ಮವರ ಜಾಗವಿದೆ. ಅವಳನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ, ಕುತ್ತಿಗೆ ವಾಲದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದಿದ್ದರು. ಮನೆಯಲ್ಲೂ ಅವಳು ಕೂರುತ್ತಿದ್ದದ್ದು ಹಾಗೆಯೇ. ಹಾಗಾಗಿ ನನಗೆ ವಿಚಿತ್ರವೆನಿಸಲಿಲ್ಲ. ಅಯ್ಯನವರು ಮಂತ್ರ ಹೇಳಿದರು. ನಾನೂ ಬಿಲ್ವಪತ್ರೆ ಹಾಕಿದೆ. ಚಿಕ್ಕಮ್ಮ ನನ್ನ ತೋಳು ಅಲುಗಿಸಿ, "ಅತ್ತುಬಿಡೇ, ಒಳಗೆ ಇಟ್ಕೋಬೇಡ" ಎಂದರು. ಅವರೇ ಬಹಳ ಅತ್ತರು. ನನಗೆ ಅಳು ಬರಲಿಲ್ಲ. ಒಳಗೆ ಇಟ್ಟುಕೊಂಡಿರಲೂ ಇಲ್ಲ. ಅಲ್ಲಿ ಏನೂ ಇರಲಿಲ್ಲ.

ಗಣಾರಾಧನೆ ಮುಗಿದ ಮಾರನೆಯ ದಿನ ಅಂಗಡಿಗೆ ಹೋದೆ. ಮದುವೆಯ ಸೀಸನ್. ಬಿಲ್ ಹಾಕಿದೆ, ಕಾರ್ಡು ಉಜ್ಜಿದೆ, ಚೀಲ ಕೊಟ್ಟೆ. ಒಂದೂ ತಪ್ಪಾಗಲಿಲ್ಲ. ಊಟಕ್ಕೆ ಕೂತಾಗ ಸೇಲ್ಸಿನ ಹುಡುಗಿಯರು ತಮ್ಮ ಡಬ್ಬಿಯಿಂದ ಪಲ್ಯ ಹಾಕುತ್ತಿದ್ದರು. ಅದು ಬೀನ್ಸೋ ಬದನೆಕಾಯೋ ಎಲೆಕೋಸೋ ತಿಂದ ಮೇಲೆ ನೆನಪಿರುತ್ತಿರಲಿಲ್ಲ. ಭಾನುವಾರ ಮನೆಯಲ್ಲಿ ಮಲಗಿರುತ್ತಿದ್ದೆ. ಸ್ಕೂಟರು ಕೆಳಗೆ ಕವರ್ ಹೊದ್ದು ನಿಂತಿತ್ತು. ನನಗೆ ಓಡಿಸಲು ಬರುವುದಿಲ್ಲ.

ಆಗ ಒಂದು ದಿನ ಅವಳ ಗೈಡ್ ಮನೆಗೆ ಬಂದರು. ನನಗಿಂತ ಸ್ವಲ್ಪ ದೊಡ್ಡವರಿರಬೇಕು, ಹತ್ತಿ ಸೀರೆ, ಸಣ್ಣ ದನಿ. ಮೊದಲೂ ಎರಡು ಮೂರು ಸಲ ನೋಡಿದ್ದೆ. ಮೇಡಂ ಸಾಂತ್ವನದ ಮಾತು ಹೆಚ್ಚು ಆಡಲಿಲ್ಲ, ಅದು ನನಗೆ ಅನುಕೂಲವಾಯಿತು. ತಂಗಿಯ ಥೀಸಿಸ್ ಪೂರ್ತಿ ಬರೆದಾಗಿದೆ, ಅಲ್ಲಿ ಇಲ್ಲಿ ತಿದ್ದುವುದಷ್ಟೇ ಇತ್ತು, ನಾವೇ ತಿದ್ದಿದ್ದೇವೆ, ಪರೀಕ್ಷಕರಿಗೆ ಕಳಿಸುತ್ತೇವೆ ಎಂದರು. ತೀರಿಹೋದವರಿಗೂ ಪದವಿ ಕೊಡುವ ಅವಕಾಶವಿದೆಯಂತೆ. ವಿಶ್ವವಿದ್ಯಾಲಯದವರು ಒಪ್ಪಿದ್ದಾರೆ. ಪರೀಕ್ಷಕರು ಸರಿಯೆಂದರೆ ಅವಳ ಹೆಸರಿನ ಹಿಂದೆ ಡಾಕ್ಟರ್ ಎಂದು ಬರುತ್ತದೆ. ಪ್ರಮಾಣಪತ್ರವನ್ನು ವೇದಿಕೆಯ ಮೇಲೆ ನಾನು ತೆಗೆದುಕೊಳ್ಳಬೇಕು.

ಮೇಡಂ ಹೋದ ಮೇಲೆ ಲೋಟ ತೊಳೆಯುತ್ತ ನಿಂತಾಗ ನನಗೆ ಗೊತ್ತಾಯಿತು, ನನಗೆ ಇದು ಬೇಕು. ಎರಡು ತಿಂಗಳಲ್ಲಿ ನನಗೆ ಬೇಕು ಅನ್ನಿಸಿದ ಮೊದಲ ವಸ್ತು ಅದು. ಚಿಕ್ಕಮ್ಮ ಮುಂದಿನ ಸಾಲಿನಲ್ಲಿ ಕೂತು ಆ ಹೆಸರನ್ನು ಮೈಕಿನಲ್ಲಿ ಕೇಳಬೇಕು. ಅಷ್ಟೇ ಯೋಚಿಸಿದೆ. ಅದರಲ್ಲಿ ಸಂತೋಷವೇನೂ ಇರಲಿಲ್ಲ. ಹಸಿವಿಲ್ಲದಿದ್ದರೂ ಹೊತ್ತಾಯಿತೆಂದು ತಟ್ಟೆ ಹಾಕಿಕೊಳ್ಳುತ್ತೇವಲ್ಲ, ಹಾಗೆ.

ಪೈಪು ಮತ್ತೆ ಬಡಿದುಕೊಳ್ಳಲು ಶುರುವಾದದ್ದು ಅದೇ ವಾರ. ಮೊದಲು ಕರೆಂಟು ಹೋದಾಗ ಮಾತ್ರ, ಆಮೇಲೆ ಪಂಪು ನಿಂತಾಗಲೆಲ್ಲ. ಮೇಲಿನ ಮನೆಯವರು ಕೇಳಿದರು. ಸೆಕ್ರೆಟರಿ ಅಂಕಲ್ ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಅಂದರೂ ಬರದೆ, ಚಪ್ಪಲಿಯನ್ನು ನೋಡುತ್ತ ಮಾತಾಡಿದರು. "ಅವಳು ಮಾಡಿದ್ದು ಚೆನ್ನಾಗೇ ಇತ್ತಮ್ಮ. ಈಗ ಏನೋ ಕೆಟ್ಟಿದೆ ಅನ್ಸುತ್ತೆ. ತೆಗೆಸಿಬಿಡೋಣ ಅಂತಾರೆ. ನಾನು ಇರ್ರಪ್ಪ ಅಂದಿದೀನಿ."

ನಾನು ಮೇಡಂಗೆ ಫೋನ್ ಮಾಡಬೇಕು ಅಂದುಕೊಳ್ಳುವಷ್ಟರಲ್ಲಿ ಅವರೇ ಮಾಡಿದರು. ಪೆಟ್ಟಿಗೆ ಅಳೆಯುವುದೆಲ್ಲ ಅವರ ಕಂಪ್ಯೂಟರಿಗೂ ಹೋಗುತ್ತಿತ್ತಂತೆ. ಪೈಪಿನ ಒತ್ತಡದ ಗೆರೆ ಹಿಂದಿನ ಹಾಗೆ ಮೇಲೆದ್ದು ಬೀಳುವುದನ್ನು ನೋಡಿದ್ದರು. ಮಾರನೆಯ ಸಂಜೆ ಕಾಲೇಜಿನಿಂದ ನೇರ ಬಂದು ಪಂಪು ರೂಮಿಗೆ ಹೋದರು. ನಾನೂ ಸೆಕ್ರೆಟರಿ ಅಂಕಲ್ಲೂ ಹಿಂದೆ ನಿಂತೆವು. ಅವರು ಪೆಟ್ಟಿಗೆ ತೆರೆದು ನೋಡಿದರು, ವಾಲ್ವು ತಿರುಗುತ್ತಿದೆಯೇ ನೋಡಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಗಾಜಿನ ನಳಿಗೆಯ ಮುಂದೆ ಬಗ್ಗಿದರು. ನೀರು ನಳಿಗೆಯ ತುದಿಯವರೆಗೂ ಬಂದಿತ್ತು. ಸಿಲಿಂಡರಿನ ತುಂಬ ನೀರೇ. ಅದುಮಿಕೊಳ್ಳಲು ಗಾಳಿಯೇ ಉಳಿದಿರಲಿಲ್ಲ.

ಒತ್ತಡದಲ್ಲಿರುವ ಗಾಳಿ ನಿಧಾನವಾಗಿ ನೀರಿನಲ್ಲಿ ಕರಗಿಹೋಗುತ್ತದೆ ಎಂದು ಮೇಡಂ ಹೇಳಿದರು, ನಮಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದ ಹಾಗೆ. "ಇದು ಆಗಬಹುದಲ್ಲ ಅಂತ ನಾನು ಅವಳನ್ನ ಮೊದಲೇ ಕೇಳಿದ್ದೆ. ಒಂದು ವರ್ಷ ಅಳೆದು, ಗಾಳಿ ಅಷ್ಟೇ ಇದೆ, ಬದಲಾಗಿಲ್ಲ ಅಂತ ಬರೆದಿದಾಳೆ. ಕೊನೇ ಅಧ್ಯಾಯ ನಿಂತಿರೋದೇ ಅದರ ಮೇಲೆ."

ಆ ಅಧ್ಯಾಯದಲ್ಲಿ ಏನಿದೆ ಎಂದು ಕೇಳಿದೆ. ಮೇಡಂ ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡು ಸರಳವಾಗಿ ಹೇಳಿದರು. ಪಂಪಿನ ಬಾಗಿಲಿಂದ ಶಕ್ತಿ ಬರುತ್ತದೆ. ನೀರಿಗೂ ಪೈಪಿಗೂ ಆಗುವ ಉಜ್ಜುವಿಕೆಯಲ್ಲೂ ವಾಲ್ವಿನಲ್ಲೂ ಹೋಗುತ್ತದೆ. ಇವು ಬಿಟ್ಟರೆ ಬೇರೆ ಬಾಗಿಲಿಲ್ಲ. ಒಮ್ಮೆ ಇಟ್ಟುಬಿಟ್ಟರೆ ಹೊರಗಿನವರು ಯಾರೂ ಏನೂ ಮಾಡಬೇಕಾಗಿಲ್ಲ, ವ್ಯವಸ್ಥೆ ತಾನಾಗಿ ಶಾಂತವಾಗಿರುತ್ತದೆ. ಅದನ್ನು ಅವಳು ಗಣಿತದಲ್ಲಿ ಸಾಧಿಸಿದ್ದಾಳೆ, ಒಂದು ವರ್ಷದ ಅಳತೆಯನ್ನು ಪುರಾವೆಯಾಗಿ ಕೊಟ್ಟಿದ್ದಾಳೆ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಇದಕ್ಕೆ ಯಾರಾದರೂ ಗಾಳಿ ತುಂಬಿಸ್ತಿದ್ರಾ?"

ಸೆಕ್ರೆಟರಿ ಅಂಕಲ್, ಯಾರು ತುಂಬಿಸ್ತಾರೆ ಮೇಡಂ, ಕೀ ನನ್ನ ಹತ್ರ ಮತ್ತೆ ಇವರ ಹತ್ರ ಮಾತ್ರ ಇರೋದು ಎಂದರು. ಮೇಡಂ ಇನ್ನೂ ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ ಏನಾಗುತ್ತದೆ ಎಂದು ಆ ಮುಖ ನೋಡಿಯೇ ನನಗೆ ತಿಳಿಯಿತು. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸಲು ಏನಿದೆ ಎಂದು ಅವರು ಕೇಳಲಿಲ್ಲ. ಸರಿ ಎಂದು ಚೀಲ ಎತ್ತಿಕೊಂಡು ಹೋದರು.

ಆ ವಾರ ಪೂರ್ತಿ ಅಂಗಡಿಯಲ್ಲಿ ಕೂತು ಅದನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದೆ. ಯೋಚಿಸಿದೆ ಎನ್ನಲಾರೆ. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅದು ಅಲ್ಲಿತ್ತು. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಿಲಿಂಡರ್ ಎಲ್ಲೋ ಸೋರಿತು ಎಂದು ಬಿಟ್ಟುಬಿಡುತ್ತಾರೆ. ಪುಸ್ತಕ ಹೋಗುತ್ತದೆ, ಪರೀಕ್ಷಕರು ಒಪ್ಪುತ್ತಾರೆ, ಹೆಸರು ಮೈಕಿನಲ್ಲಿ ಬರುತ್ತದೆ. ಅವಳು ಸುಳ್ಳು ಬರೆದವಳಲ್ಲ. ಅಳೆಯಲು ನೋಡಿದಾಗಲೆಲ್ಲ ಗಾಳಿ ಗೆರೆಗೆ ಸರಿಯಾಗಿಯೇ ಇತ್ತು. ಅದನ್ನು ಗೆರೆಗೆ ತಂದವಳು ತಾನೇ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಸ್ಕೂಟರಿನ ಚಕ್ರಕ್ಕೆ ಹೊಡೆದ ಹಾಗೆ ಇದಕ್ಕೂ ಹೊಡೆದಳು. ಬಾಗಿಲುಗಳನ್ನು ಹುಡುಕುವುದೇ ಕೆಲಸವಾಗಿದ್ದವಳು ತಾನು ನಿಂತಿದ್ದ ಬಾಗಿಲನ್ನು ನೋಡಲಿಲ್ಲ.

ಬೆಳಿಗ್ಗೆ ಪಂಪು ನಿಲ್ಲುತ್ತಿತ್ತು, ಗೋಡೆ ಗುದ್ದುತ್ತಿತ್ತು. ನಾನು ಡಬ್ಬಿಗಳನ್ನು ಶೆಲ್ಫಿನಿಂದ ತೆಗೆದು ಕೆಳಗೆ ಇಟ್ಟೆ. ಒಂದು ಬೆಳಿಗ್ಗೆ ಹಾಗೆ ಕೆಳಗೆ ಕೂತು ಡಬ್ಬಿ ಜೋಡಿಸುತ್ತಿದ್ದಾಗ ಮೇಡಂ ಹೇಳಿದ ಮಾತು ಮತ್ತೆ ಬಂತು. ಹೊರಗಿನವರು ಯಾರೂ ಏನೂ ಮಾಡಬೇಕಾಗಿಲ್ಲ. ಆ ಪುಸ್ತಕ ಹಾಗೇ ಹೋದರೆ ಅದರ ಮುಖಪುಟದಲ್ಲಿ ಅವಳ ಹೆಸರಿರುತ್ತದೆ, ಒಳಗೆ ಅವಳು ಇರುವುದಿಲ್ಲ. ನಮ್ಮ ಗೋಡೆ ತಾನಾಗಿಯೇ ಸುಮ್ಮನಿತ್ತು ಎಂದು ಬರೆದಿರುತ್ತದೆ. ತಾನಾಗಿ ಸುಮ್ಮನಿರಲಿಲ್ಲ. ಅವಳು ಪ್ರತಿ ಭಾನುವಾರ ಕೆಳಗೆ ಹೋಗುತ್ತಿದ್ದಳು.

ಮೇಡಂಗೆ ಫೋನ್ ಮಾಡಿ, ಅಂಗಡಿಗೆ ರಜೆ ಹಾಕಿ, ಕಾಲೇಜಿಗೆ ಹೋದೆ. ಅವರ ರೂಮಿನಲ್ಲಿ ಎರಡು ಮೇಜು. ಒಂದು ಖಾಲಿಯಿತ್ತು. ಅದು ಯಾರದೆಂದು ಕೇಳಲಿಲ್ಲ. ಎಲ್ಲವನ್ನೂ ಹೇಳಿದೆ, ಸ್ಕೂಟರು, ಸೈಕಲ್ ಪಂಪು, ಗಾಜಿನ ಗೆರೆ. ಮುಗಿದ ಮೇಲೆ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಒಂದು ಮಾತು ಹೇಳಲಿಲ್ಲವಲ್ಲ ಇವಳು" ಎಂದರು.

"ಅವಳಿಗೆ ಅದು ಕೆಲಸ ಅನ್ನಿಸಿರಲಿಲ್ಲ ಮೇಡಂ. ಗಿಡಕ್ಕೆ ನೀರು ಹಾಕ್ತೀವಲ್ಲ, ಹಾಗೆ."

"ಗೊತ್ತು. ಅದಕ್ಕೇ ಹೇಳಿಲ್ಲ."

ಥೀಸಿಸ್ ಈಗ ಕಳಿಸಲಾಗುವುದಿಲ್ಲ ಎಂದರು. ಉಳಿದ ಅಧ್ಯಾಯಗಳಿಗೆ ಏನೂ ಆಗಿಲ್ಲ, ಅವುಗಳ ಗಣಿತ ಗಟ್ಟಿ. ಕೊನೆಯದನ್ನು ಮಾತ್ರ ಬಿಚ್ಚಬೇಕು. ಬಿಟ್ಟುಹೋದ ಬಾಗಿಲನ್ನು ಸೇರಿಸಿ, ಅದರಿಂದ ಎಷ್ಟು ಶಕ್ತಿ ಒಳಗೆ ಬರುತ್ತಿತ್ತೆಂದು ಅಳೆದು, ಲೆಕ್ಕ ಹೊಸದಾಗಿ ಮಾಡಬೇಕು. ಅಷ್ಟರಲ್ಲಿ ವಿಶ್ವವಿದ್ಯಾಲಯ ಕೊಟ್ಟ ಅವಧಿ ಮುಗಿಯುತ್ತದೆ. ಇನ್ನೊಮ್ಮೆ ಕೇಳಿದರೆ ಕೊಡಬಹುದು, ಕೊಡದೆಯೂ ಇರಬಹುದು. ಬದುಕಿದ್ದವರಿಗಾದರೆ ಕೊಡುತ್ತಾರೆ.

ನಾನು ಹೇಳದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

"ಏನೂ ಆಗ್ತಿರಲಿಲ್ಲ" ಎಂದರು ಮೇಡಂ. "ಪದವಿ ಬರ್ತಿತ್ತು. ಮುಂದೆ ಯಾರಾದರೂ ಇದನ್ನ ಓದಿ ಇನ್ನೊಂದು ಕಟ್ಟಡದಲ್ಲಿ ಇಡ್ತಿದ್ರು. ಒಂದೆರಡು ತಿಂಗಳು ಸುಮ್ಮನಿದ್ದು ಅಲ್ಲೂ ಬಡ್ಕೊಳ್ಳೋಕೆ ಶುರುವಾಗ್ತಿತ್ತು. ಇವಳು ಬರೆದದ್ದು ಸುಳ್ಳು ಅಂತಿದ್ರು."

ಕ್ಯಾಂಟೀನಿನಿಂದ ಕಾಫಿ ತರಿಸಿದರು. ಇಬ್ಬರೂ ಕುಡಿದೆವು. ಬಸ್ ಸ್ಟಾಪಿನವರೆಗೆ ನನ್ನ ಜೊತೆ ನಡೆದು ಬಂದರು.

ಮೇಡಂ ಮತ್ತೆ ಬಂದದ್ದು ಒಂದು ಭಾನುವಾರ. ಅದಕ್ಕೆ ಮೊದಲೇ ಸಿಲಿಂಡರಿನ ನೀರನ್ನು ಹೊರಗೆ ಬಿಟ್ಟು ಗಾಳಿಯನ್ನು ಗೆರೆಗೆ ತಂದು ವಾರಗಟ್ಟಲೆ ಹಾಗೇ ಬಿಟ್ಟಿದ್ದೆವು, ಎಷ್ಟು ಕರಗುತ್ತದೆ ನೋಡಲು. ಗೋಡೆ ಆಗ ಸುಮ್ಮನಿತ್ತು. ಸೆಕ್ರೆಟರಿ ಅಂಕಲ್ ಮೆಟ್ಟಿಲಲ್ಲಿ ಸಿಕ್ಕಾಗ, ನೋಡಿ, ತೆಗೆಸಿದ್ದರೆ ಎಂಥ ಕೆಲಸ ಆಗ್ತಿತ್ತು ಎಂದು ತಾವೇ ಉಳಿಸಿದವರ ಹಾಗೆ ಹೇಳಿದ್ದರು. ಈಗ ನೀರಿನ ಮಟ್ಟ ಗಾಜಿನಲ್ಲಿ ಬೆರಳಷ್ಟು ಮೇಲೆ ಬಂದಿತ್ತು. ಮೇಡಂ ನಮ್ಮ ಸೈಕಲ್ ಪಂಪಿನ ನಳಿಗೆಗೆ ಒಂದು ಮಾಪಕ ಸಿಕ್ಕಿಸಿದರು, ಹಿಡಿಕೆಗೆ ಏನೋ ತಂತಿ ಕಟ್ಟಿದರು. ಅದರ ಇನ್ನೊಂದು ತುದಿ ಅವರ ಲ್ಯಾಪ್‌ಟಾಪಿಗೆ.

"ಅವಳು ಹೇಗೆ ಹೊಡೀತಿದ್ದಳು?" ಎಂದು ಕೇಳಿದರು. "ಜೋರಾಗಾ, ನಿಧಾನಕ್ಕಾ?"

ಜೋರಾಗಿಯೇ, ಮಾತಾಡುತ್ತಲೇ, ಮಧ್ಯೆ ನಿಲ್ಲಿಸದೆ ಎಂದೆ. ತೋರಿಸಲು ಹಿಡಿಕೆ ಹಿಡಿದೆ. ಅವಳ ಹಾಗೆ ಹೊಡೆಯಲು ನನಗೆ ಆಗಲಿಲ್ಲ. ಅವಳು ನನಗಿಂತ ಎತ್ತರ. ಇಡೀ ಮೈಯನ್ನು ಹಿಡಿಕೆಯ ಮೇಲೆ ಬಿಡುತ್ತಿದ್ದಳು. ನಾನು ತೋಳಿನಿಂದ ಒತ್ತುತ್ತೇನೆ. ಎರಡು ಸಲ ಪ್ರಯತ್ನಿಸಿ ನಿಲ್ಲಿಸಿದೆ. ಮೇಡಂ ತೆರೆಯನ್ನು ನೋಡುತ್ತ ಕೂತಿದ್ದರು.

"ಅವಳ ಕೈಯಿಂದ ಎಷ್ಟು ಹೋಗ್ತಿತ್ತು ಅಂತ ಇನ್ನು ಅಳೆಯೋಕಾಗಲ್ಲ" ಎಂದರು. "ನೀವು ನಿಮಗೆ ಹೇಗೆ ಬರುತ್ತೋ ಹಾಗೇ ಹೊಡೀರಿ. ಅದನ್ನೇ ಬರ್ಕೋತೀನಿ. ಇನ್ನೊಬ್ಬರು ಹೊಡೆದ ಅಳತೆ ಅಂತ ಸ್ಪಷ್ಟವಾಗಿ ಹಾಕ್ತೀನಿ."

ನಳಿಗೆಯನ್ನು ಈ ಸಲ ಮೇಡಂ ಒತ್ತಿ ಹಿಡಿದರು. ನಾನು ನನ್ನ ಹಾಗೇ ಹೊಡೆದೆ, ನಿಧಾನವಾಗಿ, ದಣಿದಾಗ ನಿಲ್ಲಿಸಿ. ಗಾಜಿನಲ್ಲಿ ನೀರು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಯಿತು. ಪಂಪಿನ ಕೊಳವೆ ಬಿಸಿಯಾಗಿ ಅಂಗೈಗೆ ಚುರ್ ಎಂದಿತು. ಈ ಬಿಸಿಯೂ ಒಳಗೆ ಹೋಗುತ್ತದೆಯೇ ಎಂದು ಕೇಳಿದೆ. ಬಹುಪಾಲು ಇಲ್ಲ, ಅದು ಹೊರಗೇ ಉಳಿಯುತ್ತದೆ, ಅದನ್ನು ಕಳೆಯಬೇಕು ಎಂದರು. ಕಳೆಯಿರಿ ಎಂದೆ.

ಅರ್ಜಿ ಇನ್ನೂ ವಿಶ್ವವಿದ್ಯಾಲಯದಲ್ಲೇ ಇದೆ. ಉತ್ತರ ಬಂದಿಲ್ಲ. ಹೊಸದಾಗಿ ಬರೆದ ಕೊನೆಯ ಅಧ್ಯಾಯದ ಚಿತ್ರವನ್ನು ಮೇಡಂ ನನ್ನ ಫೋನಿಗೆ ಕಳಿಸಿದ್ದರು. ಪಂಪಿಗೊಂದು ಬಾಣ, ವಾಲ್ವಿಗೊಂದು ಬಾಣ, ಉಜ್ಜುವಿಕೆಗೊಂದು. ಸಿಲಿಂಡರಿನ ತಲೆಯ ಮೇಲೆ ಹೊಸದೊಂದು ಬಾಣ, ಒಳಮುಖವಾಗಿ. ಅದರ ಪಕ್ಕ ಯಾವುದೋ ಗ್ರೀಕ್ ಅಕ್ಷರ. ಅದು ಏನೆಂದು ಓದಲು ನನಗೆ ಬರುವುದಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ನೀರು ಗೆರೆ ದಾಟಿರಬೇಕು ಅನ್ನಿಸಿತು, ಸೈಕಲ್ ಪಂಪು ತೆಗೆದುಕೊಂಡು ಕೆಳಗೆ ಹೋದೆ.